ಸೀಟು ಇಲ್ಲ

ಶಿರಾದ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೋಣೆಯಿಂದ ಜಗದಾಂಬ ಹೊರಬಂದ ರೀತಿಯಲ್ಲೇ ಮಗಳು ಭವ್ಯಳಿಗೆ ಉತ್ತರ ತಿಳಿಯಿತು.

"ಸೀಟು ಇಲ್ವಂತೆ ಕಣಮ್ಮ. ಐವತ್ನಾಲ್ಕು ಪರ್ಸೆಂಟು ಸಾಲ್ದಂತೆ."

ಮಧುಗಿರಿಯಲ್ಲೂ ಇದೇ ಮಾತು, ಕೊರಟಗೆರೆಯಲ್ಲೂ ಇದೇ. ಎಲ್ಲ ಕಡೆಯೂ ಅಮ್ಮ ಒಬ್ಬಳೇ ಒಳಗೆ ಹೋಗಿದ್ದಳು. "ನೀನು ಇಲ್ಲೇ ಇರು, ನಾನು ಕೈಮುಗುದು ಕೇಳ್ಕತೀನಿ" ಎಂದಿದ್ದಳು. ತನಗಾಗಿ ಅಮ್ಮ ಕಂಡವರೆದುರು ತಲೆ ತಗ್ಗಿಸಬೇಕಾಯಿತಲ್ಲ ಎಂದು ಭವ್ಯಳಿಗೆ ನಾಚಿಕೆ. ಇನ್ನಷ್ಟು ಅಂಕ ತೆಗೆಯಬಹುದಿತ್ತು. ಆದರೆ ಪಿಯುಸಿ ಪರೀಕ್ಷೆಗೆ ಸ್ವಲ್ಪ ಮೊದಲು ಅಕ್ಕ ತೀರಿಕೊಂಡಿದ್ದಳು. ಪುಸ್ತಕ ತೆರೆದರೆ ಅಕ್ಷರ ಕಾಣುತ್ತಿರಲಿಲ್ಲ.

ಅಕ್ಕ ಲೋಹಿತಾ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಹೊಲದ ಬಾವಿಯಲ್ಲಿ ಕಾಲು ಜಾರಿ ಬಿದ್ದಳು. ಬೇರೆಯವರು ಓಡಿ ಬರುವಷ್ಟರಲ್ಲಿ ಅಪ್ಪ ಬಸವಲಿಂಗಯ್ಯ ನೀರಿಗಿಳಿದು ಅವಳನ್ನು ಮೇಲೆತ್ತಿ ತಂದಿದ್ದ. ಅಂದಿನಿಂದ ಅಮ್ಮನ ಮಾತು ಕಡಿಮೆಯಾಗಿತ್ತು.

ದೊಡ್ಡೇರಿಯ ಮನೆಯಲ್ಲಿ ಅಪ್ಪ ಕಾದು ಕೂತಿದ್ದ. ಬೈಯಲಿಲ್ಲ. ಮಗಳ ತಲೆ ಸವರಿದ.

"ಬೇಜಾರ್ ಮಾಡ್ಕಬ್ಯಾಡ. ಪಾವಗಡದಾಗೆ ನಾನೇ ಇಚಾರಿಸ್ತೀನಿ. ಎಲ್ಲಾದ್ರೂ ಓದು, ಮನೆ ಮಾನ ಉಳ್ಸು. ಲೋಹಿತಾಗೂ ಇದ್ನೇ ಹೇಳಿದ್ದೆ."

ಅಮ್ಮ ಎದ್ದು ಒಳಗೆ ಹೋದಳು.

ಕೆಲವು ದಿನಗಳ ಮೇಲೆ ತಾವರೆಕೆರೆಯಿಂದ ಗೆಳತಿ ಅಶ್ವಿನಿ ಫೋನ್ ಮಾಡಿದಳು. ಅವಳ ಅಂಕ ಭವ್ಯಳಿಗಿಂತ ಕಡಿಮೆ. ಆದರೂ ಅದೇ ಶಿರಾದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು.

"ಕ್ಲಾಸಿನಾಗೆ ಅರ್ಧ ಬೆಂಚು ಖಾಲಿ ಕಣೇ! ನೀನ್ಯಾಕೆ ಸೇರ್ಲಿಲ್ಲ?"

ಮರುದಿನ ಭವ್ಯ ಒಬ್ಬಳೇ ಶಿರಾದ ಬಸ್ಸು ಹತ್ತಿದಳು. ಅವಳ ಹೆಸರು ಕೇಳುತ್ತಲೇ ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸೀಟು ಆಗಲೂ ಇತ್ತಮ್ಮ, ಈಗಲೂ ಇದೆ. ನಿಮ್ಮ ತಾಯಿಯೇ ಬೇಡ ಅಂದರು. ಮಗಳು ಬಂದು ಕೇಳಿದರೂ ಇಲ್ಲ ಅಂತಲೇ ಹೇಳಿ ಅಂತ ಕೈಮುಗಿದರು."

ಊರು ತಲುಪುವವರೆಗೂ ಅವಳ ಮೈ ಉರಿಯುತ್ತಿತ್ತು. ಅಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ಯಾಕಮ್ಮ ಇಂಗ್ ಮಾಡ್ದೆ? ನಾನು ಓದೋದು ನಿಂಗ್ ಬ್ಯಾಡ್ವಾ? ಅಪ್ಪಂಗಿರೋ ಆಸೆ ನಿಂಗಿಲ್ವಲ್ಲ!"

ಅಮ್ಮ ತಲೆ ಎತ್ತಲಿಲ್ಲ. "ನೀನು ಮನೇಲೇ ಇದ್ಬುಡು. ನನ್ ಕಣ್ಮುಂದೆ ಇದ್ರೆ ಸಾಕು."

ಅಷ್ಟರಲ್ಲಿ ಜಗಲಿಯಿಂದ ಅಪ್ಪನ ಕೂಗು ಕೇಳಿತು. ದನಿಯಲ್ಲಿ ಸಂಭ್ರಮ.

"ಭವ್ಯಾ! ಪಾವಗಡದಾಗೆ ಸೀಟು ಸಿಕ್ತು ಕಣಮ್ಮ! ಸೋಮವಾರನೇ ಸೇರ್ಬೌದಂತೆ!"

ಭವ್ಯ ಕಣ್ಣೊರೆಸಿಕೊಂಡಳು. "ನೀನು ಮಾಡಿದ್ದೆಲ್ಲಾ ಅಪ್ಪಂಗೆ ಹೇಳ್ತೀನಿ" ಎಂದು ಬಾಗಿಲತ್ತ ತಿರುಗಿದಳು.

ಅಮ್ಮನ ಒದ್ದೆ ಕೈ ಅವಳ ರಟ್ಟೆಯನ್ನು ಗಟ್ಟಿಯಾಗಿ ಹಿಡಿಯಿತು. ತುಟಿ ಕಿವಿಯ ಹತ್ತಿರ ಬಂತು.

"ನಿಮ್ಮಕ್ಕ ಕಾಲೇಜಿನ ಹುಡುಗನ ಬೈಕಿನ ಹಿಂದೆ ಕೂತಿದ್ದನ್ನ ಯಾರೋ ನಿಮ್ಮಪ್ಪಂಗೆ ಹೇಳ್ಬುಟ್ರು. ಅವಳು ಜಾರಿ ಬೀಳ್ಲಿಲ್ಲ ಕಣಮ್ಮ. ಬಾವಿಗೆ ನೂಕಿದ್ದು ನಿಮ್ಮಪ್ಪನೇ."