ಕದಲಿಸಬಾರದ ಗೊಂಬೆ

ಒಮ್ಮೆ ಕೂರಿಸಿದ ಗೊಂಬೆಯನ್ನು ವಿಜಯದಶಮಿಯವರೆಗೂ ಕದಲಿಸಬಾರದು ಎಂದು ಮೊಮ್ಮಗಳಿಗೆ ಹೇಳಿಕೊಟ್ಟಿದ್ದೇ ಅಜ್ಜಿ. ಆದರೆ ಹಬ್ಬದ ಎರಡನೆಯ ದಿನ ಮಧ್ಯಾಹ್ನ, ಹುಡುಗಿ ಮಲಗಿದ್ದ ಹೊತ್ತು ನೋಡಿ, ಅವಳು ಪಟ್ಟದ ಗೊಂಬೆಗಳ ಪಕ್ಕದಲ್ಲಿ ಕೂರಿಸಿದ್ದ ಬಟ್ಟೆಗೊಂಬೆಯನ್ನು ಅಜ್ಜಿಯೇ ಎತ್ತಿ ಬೀರುವಿನಲ್ಲಿಟ್ಟು, ಆ ಜಾಗಕ್ಕೆ ಸೆಟ್ಟಿ ಗೊಂಬೆಯನ್ನು ಜರುಗಿಸಿದರು. ಆಸ್ಪತ್ರೆಯ ನರ್ಸ್ ಕೊಟ್ಟಿದ್ದ ಗೊಂಬೆ ಅದು. ಅದರ ತಲೆಯ ಮೇಲೆ ಒಂದೆಳೆ ಕೂದಲೂ ಇರಲಿಲ್ಲ.

ಹುಡುಗಿ ಎದ್ದು ಬಂದವಳೇ ಕೇಳಿದಳು: “ಅಜ್ಜಿ, ನನ್ನ ಗೊಂಬೆ ಎಲ್ಲಿ?”

“ಬೀರುವಲ್ಲಿದೆ ಪುಟ್ಟಿ. ಗೊಂಬೆ ಅಂದ್ರೆ ನೋಡೋಕೆ ಲಕ್ಷಣವಾಗಿರ್ಬೇಕು. ಕಾಯಿಲೆ ಬಂದಿರೋ ಹಾಗೆ ಯಾಕಾದ್ರೂ ಮಾಡ್ತಾರೋ!”

“ಕೂರ್ಸಿದ್ಮೇಲೆ ಕದಲಿಸ್ಬಾರ್ದು ಅಂತ ನೀನೇ ಹೇಳಿದ್ದೆ.”

ಅಜ್ಜಿಗೆ ಅವಳ ಮುಖ ನೋಡಲಾಗಲಿಲ್ಲ. ಸರಿಯಾಗಿಯೇ ಇದ್ದ ಆರತಿ ತಟ್ಟೆಯ ಕುಂಕುಮವನ್ನು ಮತ್ತೆ ಸರಿಮಾಡುತ್ತಾ, “ಹಬ್ಬದಲ್ಲಿ ನಾಲ್ಕು ಜನ ಬರ್ತಾರೆ, ಏನಾದ್ರೂ ಅಂದ್ಕೋತಾರೆ. ಅವ್ರು ಬಂದು ಹೋಗೋವರೆಗೂ ಒಳಗಿರ್ಲಿ. ಆಮೇಲೆ ನಾನೇ ತಂದು ಕೂರಿಸ್ತೀನಿ” ಎಂದರು.

ಹುಡುಗಿ ಸ್ವಲ್ಪ ಹೊತ್ತು ಸೆಟ್ಟಿ ಗೊಂಬೆಯನ್ನೇ ನೋಡಿದಳು. ಆಮೇಲೆ “ಸರಿ” ಎಂದಳು.

ಅಷ್ಟರಲ್ಲಿ ಬಾಗಿಲಲ್ಲಿ ಬೀದಿಯ ಮಕ್ಕಳ ಗಲಾಟೆ ಕೇಳಿಸಿತು. “ಗೊಂಬೆ ಕೂರ್ಸಿದೀರಾ?”

“ಕೂರ್ಸಿದೀವಿ, ಬನ್ರೋ ಬನ್ನಿ” ಎನ್ನುತ್ತಾ ಅಜ್ಜಿ ಕೋಡುಬಳೆ ಡಬ್ಬಿ ಎತ್ತಿಕೊಂಡರು. ಹಿಂದಿನಿಂದ ಬೀರುವಿನ ಬಾಗಿಲು ಕಿರ್ರೆಂದಿತು. ತಿರುಗಿ ನೋಡಿದರೆ, ಹುಡುಗಿ ಗೊಂಬೆಯನ್ನು ಎದೆಗವಚಿಕೊಂಡು, ತನ್ನ ಬೋಳುತಲೆಯ ಮೇಲೆ ಸ್ಕಾರ್ಫ್ ಎಳೆದುಕೊಳ್ಳುತ್ತಾ ಒಳಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು.

“ಅವ್ರು ಹೋದ್ಮೇಲೆ ಕರಿ, ಅಜ್ಜಿ. ಇಬ್ರೂ ಬರ್ತೀವಿ.”