ಯಾರ ಹಾಲು

ಬ್ಯಾಂಕಿನ ಹಾಲು ಬೇಡವೆಂದು ಹಸೀನಾಬೇಗಂ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಮೊಮ್ಮಗ ದಿನ ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿದ್ದ. ಸೊಸೆಗೆ ಇನ್ನೂ ಎಚ್ಚರವಿಲ್ಲ. ಪುಡಿಹಾಲು ಇಷ್ಟು ಎಳೆ ಕರುಳಿಗೆ ಅಪಾಯ, ಆಸ್ಪತ್ರೆಯ ಬ್ಯಾಂಕಿನಲ್ಲಿರುವ ತಾಯಿಹಾಲೇ ಗತಿ ಎಂದು ಡಾಕ್ಟರು ಹೇಳಿಹೋಗಿದ್ದರು. ಕೂಸಿನ ಅಪ್ಪ ಮತೀನ ತನ್ನ ತಾಯಿಯ ಮುಖವನ್ನೇ ನೋಡುತ್ತ ನಿಂತಿದ್ದ.

"ಹತ್ತು ಮಂದಿದು ಕೂಡಿಸಿ ಇಟ್ಟಾರ. ಯಾರ ಹಾಲು ಕುಡಿತದೋ ಅವರ ಮಕ್ಕಳು ಇದಕ್ಕ ಅಣ್ಣ-ತಂಗಿ ಆಗ್ತಾರ. ಮುಂದ ಗೊತ್ತಿಲ್ಲದೇ ಅಂಥಾ ತಂಗಿ ಜೋಡಿನೇ ನಿಕಾ ಆದ್ರ?" ಎಂದರು ಹಸೀನಾಬೇಗಂ.

ಹಸುಗೂಸು ಹಸಿದಿರುವಾಗ ಅದರ ಮದುವೆಯ ಚಿಂತೆ. ಸುಶ್ಮಿತಾಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಶಹಾಬಾದಿನಲ್ಲಿ ಇವರ ಪಕ್ಕದ ಮನೆಯಲ್ಲೇ ಬೆಳೆದವಳು ಅವಳು. ಈಗ ಹೈದರಾಬಾದಿನ ಪ್ರಯೋಗಾಲಯದಲ್ಲಿ, ರೋಗ ತಾರದ ಒಂದು ಬ್ಯಾಕ್ಟೀರಿಯಾದ ವಂಶವಾಹಿ ತಿದ್ದಿ, ತಾಯಿಹಾಲಿನ ವಿಶೇಷ ಸಕ್ಕರೆಗಳನ್ನು ಅದರಿಂದ ಮಾಡಿಸುವುದು ಅವಳ ಕೆಲಸ. ಸುದ್ದಿ ತಿಳಿದದ್ದೇ ಮೊಲೆಗೂಸಾದ ತನ್ನ ಮಗಳನ್ನು ಎತ್ತಿಕೊಂಡು ರೈಲು ಹತ್ತಿ ಬಂದಿದ್ದಳು.

"ನಿನ್ನ ಹುಳ ಹಾಲು ಮಾಡ್ತಾವಲ್ಲ, ಅದಕ್ಕ ತಾಯಿನೇ ಇಲ್ಲ. ಅದನ್ನ ಕೊಡು," ಎಂದರು ಹಸೀನಾಬೇಗಂ.

ಸುಶ್ಮಿತಾಳಿಗೆ ಹೂಂ ಎಂದುಬಿಡುವ ಆಸೆಯಾಯಿತು. ಅವಳ ಕೆಲಸದ ಮಾತೆತ್ತಿದರೆ ಮೂಗು ಮುರಿಯುವವರೇ ಹೆಚ್ಚು. ಬೇಕೆಂದು ಕೇಳಿದವರು ಇವರೇ ಮೊದಲು.

"ಅದು ಬರೇ ಸಕ್ಕರಿ ಅಮ್ಮಿ, ಹಾಲಲ್ಲ. ಅದೊಂದರಿಂದ ಕೂಸು ಬದುಕಂಗಿಲ್ಲ."

ಮಗಳನ್ನು ಮತೀನನ ಕೈಗಿತ್ತು, ನನ್ನ ರಕ್ತ ತಪಾಸಣೆ ಮಾಡಿ, ನನ್ನ ಹಾಲು ಕೊಡುತ್ತೇನೆ ಎಂದು ನರ್ಸಿಗೆ ಹೇಳಿದಳು. ಆಮೇಲೆ ಹಸೀನಾಬೇಗಂ ಕಡೆ ತಿರುಗಿದಳು.

"ನಮ್ಮವ್ವ ಜಡ್ಡಿಗೆ ಬಿದ್ದಾಗ ನನಗ ಹಾಲು ಕುಡಿಸಿದವರು ನೀವು. ಮತೀನ ನಮ್ಮಣ್ಣ. ಇವತ್ತಿಂದ ನನ್ನ ಮಗಳು ಈ ಕೂಸಿಗೆ ಅಕ್ಕ. ಯಾರ ಹಾಲು ಅಂತ ಇನ್ನೇನು ಗೊತ್ತಾಗಬೇಕ್ರಿ?"

ಹಸೀನಾಬೇಗಂ ಸೆರಗಿನಿಂದ ಕಣ್ಣೊರೆಸಿಕೊಂಡರು. ಮತೀನನ ಕೈಯಿಂದ ಸುಶ್ಮಿತಾಳ ಮಗಳನ್ನು ತಾವೇ ಎತ್ತಿಕೊಂಡರು.

ಸಂಜೆ ಸಣ್ಣ ನಳಿಕೆಯಲ್ಲಿ ಹಾಲು ಇಳಿಯಿತು. ಕೂಸು ಕಕ್ಕದೆ ಉಳಿಸಿಕೊಂಡಿತು. ಸುಶ್ಮಿತಾ ಗಾಜಿಗೆ ಹಣೆ ಹಚ್ಚಿ ನೋಡುತ್ತ, ಇದು ಒಂದು ಕೂಸಿಗಾಯಿತು, ತಾಯಿಹಾಲು ಸಿಗದ ಉಳಿದ ಕೂಸುಗಳ ಬಾಟಲಿಗೆ ತನ್ನ ಪ್ರಯೋಗಾಲಯದ ಆ ಸಕ್ಕರೆಯಾದರೂ ಸೇರುವ ತನಕ ತಾನು ಬಿಡುವವಳಲ್ಲ ಎಂದಳು.

ಹಸೀನಾಬೇಗಂ ಬೆರಳು ಮಡಚುತ್ತ ಲೆಕ್ಕ ಹಾಕಿದರು.

"ಆ ಹುಳಕ್ಕ ಕಲಿಸಿದಾಕಿ ನೀ. ನೀ ಕುಡಿದದ್ದು ನನ್ನ ಹಾಲು. ಹಂಗಾರ ಅದಕ್ಕ ತಾಯಿ ಇಲ್ಲಂತ ನಾ ಅಂದದ್ದು ತಪ್ಪು. ಅದಕ್ಕ ಅಜ್ಜಿನೂ ಇದ್ದಾಳ."