ನೀಲಿ ಗೌನು

ಮಧ್ಯಾಹ್ನ ಊಟವಾಗಿ ತುಸು ಹೊತ್ತಿಗೆ ಬದರಿ ತಲೆ ಬಾಚಿಕೊಂಡು, ಕನ್ನಡಕದ ಡಬ್ಬಿಯನ್ನು ಜೇಬಿಗಿಳಿಸಿದ. ಕಲಾ ಅಡುಗೆಮನೆಯಿಂದಲೇ ನೋಡಿದಳು. ಮನೆಯಲ್ಲಿರುವಷ್ಟು ಹೊತ್ತೂ ಆ ಕನ್ನಡಕ ಡಬ್ಬಿಯಿಂದ ಹೊರಗೆ ಬಂದದ್ದೇ ಇಲ್ಲ. ಕೇಳಿದರೆ, "ಇಲ್ಲಿ ನೋಡೋಕೇನಿದೆ, ಎಲ್ಲಾ ಗೊತ್ತಿರೋದೇ" ಎನ್ನುತ್ತಿದ್ದ.

"ಇವತ್ತೂ ಸವಾರಿ ಪಕ್ಕದ ಮನೆಗೋ?"

"ಡಿಟೆಕ್ಟಿವ್ ಸೀರಿಯಲ್ ಕಣೇ. ಟೀವಿ ಹುಟ್ಟಿದ ಕಾಲದ್ದು. ನಿನಗೆ ಬೋರ್ ಹೊಡಿಯುತ್ತೆ."

"ನಮ್ಮನೇಲೂ ಟೀವಿ ಇದೆಯಲ್ರೀ."

"ಒಬ್ಬನೇ ನೋಡಿದ್ರೆ ಮಜಾ ಇರಲ್ಲ."

ಒಬ್ಬನೇ! ಹಾಗಾದರೆ ಈ ಮನೆಯಲ್ಲಿ ತಾನು ಯಾರು?

ಪಕ್ಕದ ಮನೆಯ ಟೋನಿ ತನ್ನ ತಾಯಿ ರೋಸ್‌ಳನ್ನು ಕೆಂಡಲ್ ಪಾರ್ಕ್ ಎಂಬ ಈ ಊರಿಗೆ ಕರೆತಂದು ತಿಂಗಳಾಗಿತ್ತು. ಕಲಾ ಆಕೆಯನ್ನು ಕಂಡದ್ದು ಒಮ್ಮೆ, ಕಿಟಕಿಯಿಂದ. ಬೆಳ್ಳಿಗೂದಲು, ತುಟಿಗೆ ಕೆಂಪು, ಮೋಡ ಕವಿದ ದಿನದಲ್ಲೂ ಕಪ್ಪು ಕನ್ನಡಕ. ಮಗನ ತೋಳು ಹಿಡಿದು ರಾಣಿಯ ಹಾಗೆ ಕಾರಿನಿಂದಿಳಿದಿದ್ದಳು. ಎಂಬತ್ತು ದಾಟಿದರೂ ಬೆಡಗಿಗೇನೂ ಕಡಿಮೆಯಿಲ್ಲ ಎಂದು ಕಲಾಳ ಹೊಟ್ಟೆ ಅಂದೇ ಉರಿದಿತ್ತು.

ಇವತ್ತು ತಾನೇ ಪತ್ತೇದಾರಿ ಮಾಡುವುದೆಂದು, ತಟ್ಟೆಯಲ್ಲಿ ನಾಲ್ಕು ಚಕ್ಕುಲಿ ಇಟ್ಟುಕೊಂಡು ಗಂಡನ ಹಿಂದೆಯೇ ಹೊರಟಳು. ಟೋನಿಯ ಮನೆಯ ಪಕ್ಕದ ಬಾಗಿಲು ಅರೆ ತೆರೆದಿತ್ತು. ಒಳಗೆ ಟೀವಿಯಲ್ಲಿ ಕಪ್ಪು ಬಿಳುಪಿನ ಒಂದು ಓಣಿ, ಹ್ಯಾಟು ಹಾಕಿದ ಡಿಟೆಕ್ಟಿವ್. ಬದರಿ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿ, ಮೆಲ್ಲನೆಯ ಇಂಗ್ಲಿಷಿನಲ್ಲಿ ಹೇಳುತ್ತಿದ್ದ:

"ಈಗ ಅವನು ಹ್ಯಾಟು ತೆಗೆದ. ಮೆಟ್ಟಿಲ ಮೇಲೆ ಆ ಹೆಂಗಸು ನಿಂತಿದ್ದಾಳೆ. ನೀಲಿ ಗೌನು... ಸಂಜೆಯ ಆಕಾಶ ಇರುತ್ತಲ್ಲ, ಆ ನೀಲಿ. ನಗೋಕೆ ನೋಡ್ತಾಳೆ, ಆಗ್ತಾ ಇಲ್ಲ."

ರೋಸ್ ಮುಖವನ್ನು ಟೀವಿಯ ಕಡೆಗಲ್ಲ, ಅವನ ದನಿಯ ಕಡೆ ತಿರುಗಿಸಿ ಕೂತಿದ್ದಳು. ಕಾಫಿ ಕಪ್ಪಿಗಾಗಿ ಆಕೆಯ ಕೈ ಮೇಜಿನ ಮೇಲೆ ತಡಕಾಡಿತು. ಬದರಿ ಕಪ್ಪನ್ನೆತ್ತಿ ಆ ಕೈಗಿಟ್ಟ.

ಕಲಾಳಿಗೆ ಅರ್ಥವಾಯಿತು. ಪಾಪ ಅನ್ನಿಸಿತು. ಆದರೂ ಹೊಟ್ಟೆಯುರಿ ಆರಲಿಲ್ಲ, ಇನ್ನಷ್ಟು ಭಗ್ಗೆಂದಿತು. ಬಣ್ಣವೇ ಇಲ್ಲದ ಚಿತ್ರದ ಹೆಂಗಸಿಗೆ ನೀಲಿ ಗೌನು ತೊಡಿಸುವ ಈ ಮನುಷ್ಯ, ದೀಪಾವಳಿಗೆ ತಾನು ಉಟ್ಟ ಸೀರೆ ನೋಡಿ "ಹೊಸದಾ?" ಎಂದೂ ಕೇಳಿರಲಿಲ್ಲ. ತಟ್ಟೆಯನ್ನು ಹೊಸ್ತಿಲಲ್ಲೇ ಇಟ್ಟು ಹಿಂದಿರುಗಿದಳು.

ಬದರಿ ಖಾಲಿ ತಟ್ಟೆ ಹಿಡಿದು ಮನೆಗೆ ಬಂದ. "ಒಳಗೆ ಬರೋದಲ್ವೇನೇ? ರೋಸ್‌ಗೆ ಚಕ್ಕುಲಿ ತುಂಬಾ ಹಿಡಿಸ್ತು."

"ಅವರಿಗೆ ಕಣ್ಣು ಕಾಣಲ್ಲ ಅಂತ ಯಾಕ್ರೀ ಹೇಳಲಿಲ್ಲ?"

"ನೀನು ಕೇಳಲಿಲ್ವಲ್ಲ."

ಕಲಾ ಸೆರಗು ಸರಿಮಾಡಿಕೊಂಡು ಅವನೆದುರಿನ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿಕೊಂಡಳು.

"ಈಗ ನನಗೂ ಕಾಣಲ್ಲ. ಹೇಳಿ, ಇಲ್ಲಿ ಯಾರು ಕೂತಿದ್ದಾರೆ? ಹೇಗಿದ್ದಾರೆ?"

"ಇದೇನೇ ಹುಡುಗಾಟ, ಈ ವಯಸ್ಸಲ್ಲಿ?"

ಅವಳು ಕಣ್ಣು ತೆರೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ಜೇಬು ತಡಕಿದ್ದು ಕೇಳಿಸಿತು. ಟಕ್ ಎಂದು ಕನ್ನಡಕದ ಡಬ್ಬಿ ತೆರೆದುಕೊಂಡಿತು.